ಬೆಂಕಿಗೆ ಇಂಗ್ಲಿಷ್ ಬೇಕಿಲ್ಲ, ಎಚ್ಚರಿಕೆಗೆ ಕನ್ನಡ ಬೇಕು!



ನಿಮಗೊಂದು ಸಣ್ಣ ಪರೀಕ್ಷೆ. ಹೊಸಕೋಟೆ ಬಳಿಯ ದೇವನಗೊಂದಿಯ ತೈಲ ಡಿಪೋದಿಂದ ಹೊರಟ ಟ್ಯಾಂಕರೊಂದು ಸಿಗ್ನಲ್‌ನಲ್ಲಿ ನಿಮ್ಮ ಬೈಕಿನ ಮುಂದೆಯೇ ನಿಂತಿದೆ ಎಂದುಕೊಳ್ಳಿ. ಅದರ ಬೆನ್ನಿನ ಮೇಲೆ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ‘ಹೈಲಿ ಇನ್‌ಫ್ಲ್ಯಾಮಬಲ್’ ಎಂದಿದೆ. ಪಕ್ಕದಲ್ಲಿ ಬಂದು ನಿಂತ ಇನ್ನೊಂದು ಲಾರಿಯ ಮೇಲೆ ‘ಫ್ಲ್ಯಾಮಬಲ್’ ಎಂದಿದೆ. ಈಗ ಹೇಳಿ, ಬೆಂಕಿ ಹತ್ತುವ ಸರಕು ಯಾವುದರಲ್ಲಿದೆ? ಹತ್ತದ ಸರಕು ಯಾವುದರಲ್ಲಿದೆ?

ಎರಡರಲ್ಲೂ ಇರುವುದು ಬೆಂಕಿ ಹತ್ತುವ ಸರಕೇ! ಎರಡು ಪದಗಳ ಅರ್ಥವೂ ಒಂದೇ!

ತಪ್ಪು ಉತ್ತರ ಕೊಟ್ಟವರು ನಾಚಿಕೊಳ್ಳಬೇಕಿಲ್ಲ. ಶಾಲೆಯಲ್ಲಿ ಮೇಷ್ಟ್ರು ಹೇಳಿಕೊಟ್ಟದ್ದೇನು? ಕರೆಕ್ಟ್ ಎಂದರೆ ಸರಿ, ಇನ್‌ಕರೆಕ್ಟ್ ಎಂದರೆ ತಪ್ಪು. ಕಂಪ್ಲೀಟ್ ಎಂದರೆ ಪೂರ್ಣ, ಇನ್‌ಕಂಪ್ಲೀಟ್ ಎಂದರೆ ಅಪೂರ್ಣ. ‘ಇನ್’ ಸೇರಿದರೆ ಅರ್ಥ ತಿರುವುಮುರುವು. ಆ ಲೆಕ್ಕದಲ್ಲಿ ಇನ್‌ಫ್ಲ್ಯಾಮಬಲ್ ಎಂದರೆ ಬೆಂಕಿ ಹತ್ತದ್ದು ಎಂದೇ ಆಗಬೇಕಿತ್ತು. ಆದರೆ ಇಲ್ಲಿರುವ ‘ಇನ್’ ಬೇರೆ ಕುಲದ್ದು. ‘ಉರಿ ಹಚ್ಚು’ ಎಂಬ ಅರ್ಥದ ‘ಇನ್‌ಫ್ಲಮ್ಮಾರೆ’ ಎಂಬ ಲ್ಯಾಟಿನ್ ಪದದಿಂದ ಇದು ಬಂತು. ಅಲ್ಲಿ ‘ಇನ್’ ಎಂದರೆ ‘ಇಲ್ಲ’ ಎಂದಲ್ಲ, ‘ಒಳಕ್ಕೆ’ ಎಂದು. ಎರಡು ‘ಇನ್’ಗಳ ವೇಷ ಒಂದೇ, ಗುಣ ಬೇರೆ. ಇದನ್ನು ತಿಳಿಯಲು ಲ್ಯಾಟಿನ್ ಬೇಕು. ಪೆಟ್ರೋಲ್ ಸೋರುವಾಗ ಲ್ಯಾಟಿನ್ ಪಾಠ ಕೇಳುತ್ತಾ ನಿಲ್ಲಲು ಆದೀತೇ?

ಸ್ವಾರಸ್ಯ ಕೇಳಿ. ಈ ಗೊಂದಲದಲ್ಲಿ ಬಿದ್ದವರು ನಾವಷ್ಟೇ ಅಲ್ಲ, ಇಂಗ್ಲಿಷನ್ನು ತಾಯಿಯ ಮಡಿಲಲ್ಲಿ ಕಲಿತವರೂ ಬಿದ್ದರು. ‘ಇನ್’ ಕಂಡು ‘ಇಲ್ಲ’ ಎಂದು ತಿಳಿಯುವವರಿದ್ದಾರೆ, ಅದು ಪ್ರಾಣಕ್ಕೆ ಕುತ್ತು ಎಂಬುದು ಅಮೆರಿಕದ ಅಗ್ನಿ ಸುರಕ್ಷತಾ ತಜ್ಞರಿಗೆ ಅರಿವಾಯಿತು. 1920ರ ದಶಕದಲ್ಲಿ ಅಲ್ಲಿನ ರಾಷ್ಟ್ರೀಯ ಅಗ್ನಿ ಸಂರಕ್ಷಣಾ ಸಂಘ ‘ಇನ್’ ಕಿತ್ತುಹಾಕಿ ‘ಫ್ಲ್ಯಾಮಬಲ್’ ಎಂದೇ ಬರೆಯಿರಿ ಎಂದು ಒತ್ತಾಯಿಸಿತು. ಮುಂದೆ ಬ್ರಿಟನ್ನಿನ ಮಾನಕ ಸಂಸ್ಥೆಯೂ ಅದೇ ದಾರಿ ಹಿಡಿಯಿತು. ತಮ್ಮ ಜನರ ಪ್ರಾಣಕ್ಕಾಗಿ ಅವರು ತಮ್ಮ ಭಾಷೆಯ ಹಳೆಯ ಪದವನ್ನೇ ಬದಿಗೆ ಸರಿಸಿದರು. ನಾವೋ, ಅವರು ಅಪಾಯಕಾರಿ ಎಂದು ಬಿಟ್ಟ ಪದವನ್ನೇ ಇಂದಿಗೂ ಟ್ಯಾಂಕರುಗಳ ಬೆನ್ನಿಗೆ ಬಳಿದುಕೊಂಡು ತಿರುಗುತ್ತಿದ್ದೇವೆ!

ಒಂದು ಪದದಿಂದ ಏನಾಗುತ್ತದೆ ಎಂದು ಮೂಗು ಮುರಿಯುವವರಿಗೆ ಇನ್ನೊಂದು ಸಂಗತಿ. ಭಾಷಾಶಾಸ್ತ್ರಜ್ಞ ಬೆಂಜಮಿನ್ ಲೀ ವೋರ್ಫ್ ಅನ್ನಕ್ಕಾಗಿ ದುಡಿದದ್ದು ಅಮೆರಿಕದ ಅಗ್ನಿ ವಿಮಾ ಕಂಪನಿಯೊಂದರಲ್ಲಿ. ಪೆಟ್ರೋಲ್ ತುಂಬಿದ ಡ್ರಮ್ಮುಗಳ ಬಳಿ ಎಚ್ಚರದಿಂದಿರುವ ಜನ, ‘ಖಾಲಿ’ ಎಂದು ಹೆಸರಿಟ್ಟ ಡ್ರಮ್ಮುಗಳ ಬಳಿ ನಿಶ್ಚಿಂತೆಯಿಂದ ಸಿಗರೇಟು ಸೇದುವುದನ್ನು ಆತ ಗುರುತಿಸಿದ. ಖಾಲಿ ಡ್ರಮ್ಮಿನೊಳಗೆ ಇರುವುದು ಸಿಡಿಯುವ ಆವಿ! ಬೆಂಕಿಗೆ ದಾರಿ ಮಾಡಿದ್ದು ‘ಖಾಲಿ’ ಎಂಬ ಪದ.

ಈಗ ನಮ್ಮ ಕಾನೂನು ನೋಡಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಅಪಾಯಕಾರಿ ಸರಕು ಸಾಗಿಸುವ ಚಾಲಕನಿಗೆ ಎಂಟನೇ ಅನುಸೂಚಿಯ ಒಂದು ಭಾರತೀಯ ಭಾಷೆಯ ಜೊತೆಗೆ ಇಂಗ್ಲಿಷೂ ಓದಲು ಬರೆಯಲು ಬರಬೇಕು. ಸರಿ, ಚಾಲಕ ಓದಿಕೊಂಡ. ರಸ್ತೆ ಬದಿಯಲ್ಲಿ ಎಳನೀರು ಮಾರುವವನು? ಗ್ಯಾರೇಜಿನ ಹುಡುಗ? ಹೆದ್ದಾರಿಗೆ ಅಂಟಿಕೊಂಡ ಮನೆಯ ಅಜ್ಜಿ? 2013ರ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಬಳಿಯ ಪೆರ್ನೆಯಲ್ಲಿ ಅನಿಲ ಟ್ಯಾಂಕರ್ ಉರುಳಿ ಹೊತ್ತಿ ಉರಿದಾಗ ರಸ್ತೆ ಬದಿಯ ಮನೆಗಳವರೂ ಸತ್ತರು. ಆ ದುರಂತಕ್ಕೆ ಫಲಕದ ಭಾಷೆ ಕಾರಣವೆಂದು ನಾವು ಹೇಳುತ್ತಿಲ್ಲ. ಟ್ಯಾಂಕರ್ ಉರುಳಿದಾಗ ಅದರ ಪಕ್ಕದಲ್ಲಿರುವವರು ಯಾರು ಎಂಬುದನ್ನು ನೆನಪಿಸುತ್ತಿದ್ದೇವೆ.

ಅಂಗಡಿಯ ಸರಕಿನ ಕಥೆಯೂ ಹೀಗೆಯೇ. 2011ರ ಪೊಟ್ಟಣ ಸರಕುಗಳ ನಿಯಮದಂತೆ ಬೆಲೆ, ತೂಕ ಮುಂತಾದ ವಿವರಗಳು ಹಿಂದಿ ಅಥವಾ ಇಂಗ್ಲಿಷಿನಲ್ಲಿದ್ದರೆ ಸಾಕು. ಕನ್ನಡವನ್ನು ಬೇಕಿದ್ದರೆ ಹಾಕಿಕೊಳ್ಳಬಹುದು, ಅಷ್ಟೆ! 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ, ರಾಜ್ಯದಲ್ಲೇ ತಯಾರಾಗಿ ಮಾರಾಟವಾಗುವ ವಸ್ತುಗಳ ಹೆಸರು ಮತ್ತು ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕೆಂದಿತು. ಸಂತೋಷ. ಆದರೆ ಹೊರ ರಾಜ್ಯದಲ್ಲಿ ತಯಾರಾಗಿ ಬಂದ ಥಿನ್ನರ್ ಡಬ್ಬಿಗೆ ಬೆಂಕಿ ಹತ್ತುವುದಿಲ್ಲವೇ?

‘ಟ್ಯಾಂಕರ್ ಮೇಲೆ ಜ್ವಾಲೆಯ ಚಿತ್ರ ಇರುತ್ತದಲ್ಲ’ ಎನ್ನುವ ಜಾಣರಿದ್ದಾರೆ. ಇರಲಿ, ಚಿತ್ರ ಬೇಕು. ಆದರೆ ಚಿತ್ರ ಹೇಳುವುದು ಬೆಂಕಿ ಎಂದಷ್ಟೇ. ಹತ್ತಿರ ಬರಬೇಡ, ಬೀಡಿ ಹಚ್ಚಬೇಡ, ಗಾಡಿ ಸ್ಟಾರ್ಟ್ ಮಾಡಬೇಡ ಎಂದು ಹೇಳುವುದು ಮಾತು. ಅದೂ ಕೇಳುವವನ ಮಾತು.

ನಮ್ಮ ಘನ ಸರ್ಕಾರಿ ಅನುವಾದಕರಿಗೂ ಒಂದು ಮಾತು. ಒತ್ತಾಯಕ್ಕೆ ಮಣಿದು ನಾಳೆ ನೀವು ‘ಅತ್ಯಂತ ದಹನಶೀಲ’ ಎಂದು ಬರೆಸಿದರೆ ಲ್ಯಾಟಿನ್ ಹೋಗಿ ಸಂಸ್ಕೃತ ಬಂತು, ಅಷ್ಟೇ. ಎಳನೀರಿನವನಿಗೆ ಎರಡೂ ಒಂದೇ. ಕನ್ನಡದಲ್ಲಿ ‘ಬೆಂಕಿ ಹತ್ತುತ್ತದೆ’ ಎಂದರೆ ಹತ್ತುತ್ತದೆ, ‘ಹತ್ತುವುದಿಲ್ಲ’ ಎಂದರೆ ಹತ್ತುವುದಿಲ್ಲ. ನಮ್ಮ ‘ಇಲ್ಲ’ ಪದದ ತುದಿಯಲ್ಲಿ ಎದ್ದು ಕಾಣುತ್ತದೆ. ವೇಷ ಮರೆಸಿಕೊಂಡು ಯಾರನ್ನೂ ಸುಡುವುದಿಲ್ಲ.

ಗೆಳೆಯರೇ, ಕಾನ್ವೆಂಟಿನ ಇಂಗ್ಲಿಷ್ ನಿಮಗೆ ಬರಬಹುದು. ಬರಲಿ. ಆದರೆ ನಿಮ್ಮ ಮನೆಗೆ ಸಿಲಿಂಡರ್ ಹೊತ್ತು ತರುವವನಿಗೆ, ನಿಮ್ಮ ಅಪಾರ್ಟ್‌ಮೆಂಟಿನ ಜನರೇಟರಿಗೆ ಡೀಸೆಲ್ ಸುರಿಯುವವನಿಗೆ ಅದು ಬರಲೇಬೇಕೆಂದು ಹೇಳುವ ಹಕ್ಕು ಯಾರಿಗೂ ಇಲ್ಲ.

ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಕಾರ್ಖಾನೆ, ಕಾಲೇಜಿನ ಲ್ಯಾಬ್, ಪೇಂಟ್ ಅಂಗಡಿ, ಪೆಟ್ರೋಲ್ ಬಂಕ್‌ಗಳಲ್ಲಿ ಅಪಾಯದ ಫಲಕ ಯಾವ ಭಾಷೆಯಲ್ಲಿದೆ ನೋಡಿ. ಕನ್ನಡ ಇಲ್ಲದಿದ್ದರೆ ಮಾಲೀಕರಿಗೆ, ಸಾರಿಗೆ ಇಲಾಖೆಗೆ, ತೈಲ ಕಂಪನಿಗಳಿಗೆ ಕನ್ನಡದಲ್ಲೇ ಪತ್ರ ಬರೆಯಿರಿ. ಕೇಳುವುದು ಭಿಕ್ಷೆಯಲ್ಲ, ಬಣ್ಣದಲ್ಲಿ ಬರೆದ ನಾಲ್ಕೇ ಪದ: ‘ಬೇಗ ಬೆಂಕಿ ಹತ್ತುತ್ತದೆ, ದೂರವಿರಿ’. ಇಂಗ್ಲಿಷಿನವರು ತಮ್ಮವರನ್ನು ಉಳಿಸಲು ಪದವನ್ನೇ ಬದಲಿಸಿದರು. ನಮ್ಮವರನ್ನು ಉಳಿಸಲು ನಾವು ಒಂದು ಸಾಲು ಬರೆಸಲಾರೆವೇ?