ಕೋಲಾರದ ಗಣಿ, ಜಪಾನಿನ ಗೆಳೆತನ ಮತ್ತು ನಮ್ಮ ವಿದ್ಯಾರ್ಥಿ ವೇತನ

ಗ್ರಾಂಟ್ ರೋಡ್ ಸ್ಟೇಷನ್ನಿನ ಪಶ್ಚಿಮಕ್ಕೆ ಇಳಿದು ನಾನಾ ಚೌಕ್, ಕೆಂಪ್ಸ್ ಕಾರ್ನರ್ ದಾಟಿದರೆ ಪೆಡ್ಡರ್ ರೋಡ್. ಈ ಪರಿಸರದ ಹೊಟೇಲು, ಕ್ಯಾಂಟೀನುಗಳಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತು ಮೇಲೆ ಬಂದ ತುಳು-ಕನ್ನಡಿಗರ ಕಥೆ ನಮ್ಮ ಸಂಘ-ಸಂಸ್ಥೆಗಳ ಪ್ರತಿ ವೇದಿಕೆಯಲ್ಲೂ ಕೇಳಿಬರುತ್ತದೆ. ಆದರೆ ಅದೇ ಪೆಡ್ಡರ್ ರೋಡಿನ ಕೆನಿಲ್‌ವರ್ತ್ ಬಂಗಲೆಗೆ 1948ರಲ್ಲಿ ಬಂದು ಸೇರಿದ ನಂಜನಗೂಡಿನ ಬಿ. ವಿ. ಶ್ರೀಕಂಠನ್ ಅವರ ಹೆಸರು ಎಷ್ಟು ಮಂದಿಗೆ ಗೊತ್ತು?

ಹೋಮಿ ಭಾಭಾ ಅವರು 1945ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಅದೇ ವರ್ಷ ಮುಂಬಯಿಯ ಈ ಬಂಗಲೆಗೆ ಬಂದಿತ್ತು. ಕೊಲಾಬಾದ ಈಗಿನ ಕಟ್ಟಡ ಆದದ್ದು ಆಮೇಲೆ. ಆಕಾಶದಿಂದ ಬರುವ ವಿಶ್ವಕಿರಣಗಳು ಭೂಮಿಯೊಳಗೆ ಎಷ್ಟು ಆಳಕ್ಕೆ ಇಳಿಯುತ್ತವೆ ಎಂದು ಅಳೆಯಲು ಶ್ರೀಕಂಠನ್ ಅವರು 1950ರ ದಶಕದ ಆರಂಭದಲ್ಲಿ ಕೋಲಾರದ ಚಿನ್ನದ ಗಣಿಗೆ ಇಳಿದರು. ಮುಂದೆ 1975ರಿಂದ 1987ರ ವರೆಗೆ ಅವರೇ ಸಂಸ್ಥೆಯ ನಿರ್ದೇಶಕರಾದರು.

ಕೋಲಾರದ ಗಣಿ ಮೂರು ಕಿಲೋಮೀಟರಿಗೂ ಮಿಕ್ಕಿ ಆಳ. 1960ರ ದಶಕದ ಆರಂಭದಲ್ಲಿ ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯದ ಸಬುರೊ ಮಿಯಾಕೆ ಅವರು ನಮ್ಮ ವಿಜ್ಞಾನಿಗಳ ಜೊತೆ ಸೇರಿದರು. ತೀರಾ ಆಳದಲ್ಲಿ ಉಪಕರಣ ಇಟ್ಟು ಸುಮಾರು ಎರಡು ತಿಂಗಳು ಕಾದರೂ ಲೆಕ್ಕಕ್ಕೆ ಒಂದು ಕಣವೂ ಸಿಗಲಿಲ್ಲ. ಆ ಸೊನ್ನೆಯೇ ದೊಡ್ಡ ಲಾಭವಾಯಿತು. ಬೇರೆಲ್ಲ ಕಣಗಳನ್ನು ಬಂಡೆ ತಡೆಯುತ್ತದೆ ಎಂದಾದರೆ, ಯಾವುದಕ್ಕೂ ತಡೆಯದೆ ಹಾದುಹೋಗುವ ನ್ಯೂಟ್ರಿನೊವನ್ನು ಹುಡುಕಲು ಅದಕ್ಕಿಂತ ಒಳ್ಳೆಯ ಜಾಗ ಯಾವುದು? ಬ್ರಿಟನ್ನಿನ ಡರ್ಹಮ್ ವಿಶ್ವವಿದ್ಯಾಲಯವೂ ಕೈಜೋಡಿಸಿತು. 1965ರಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಕೆಳಗೆ, ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊದ ಗುರುತು ಸಿಕ್ಕಿತು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕದ ತಂಡದ ವರದಿಗಿಂತ ಕೆಲವೇ ದಿನ ಮೊದಲು ಕೋಲಾರದ ವರದಿ ಅಚ್ಚಾಯಿತು. ಆ ತಂಡದಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಎಂ. ಜಿ. ಕೆ. ಮೆನನ್ ಅವರೂ ಇದ್ದರು ಎಂಬುದು ಕರಾವಳಿಯವರಿಗೆ ಹೆಮ್ಮೆಯ ಸಂಗತಿ.

ಮುಂದಿನದು ನೋವಿನ ಕಥೆ. ಗಣಿಯ ಆದಾಯ ಇಳಿಯುತ್ತಾ ಹೋಯಿತು. 1990ರ ದಶಕದ ಆರಂಭದಲ್ಲಿ ಪ್ರಯೋಗಗಳು ನಿಂತವು. 2001ರ ಫೆಬ್ರವರಿ 28ರಂದು ಗಣಿಯೇ ಮುಚ್ಚಿತು. ಅದು ರಾಷ್ಟ್ರೀಯ ವಿಜ್ಞಾನ ದಿನವೂ ಹೌದು! ಜಪಾನಿನ ಕಾಮಿಯೋಕಾದಲ್ಲಿಯೂ ಸತುವಿನ ಗಣಿಗಾರಿಕೆ ಅದೇ 2001ರಲ್ಲಿ ನಿಂತಿತು. ಆದರೆ ಅವರು ಗಣಿಯೊಳಗಿನ ಪ್ರಯೋಗಾಲಯವನ್ನು ಕೈಬಿಡಲಿಲ್ಲ. ಅಲ್ಲಿಯ ಕೆಲಸಕ್ಕೆ 2002ರಲ್ಲಿ ಕೊಶಿಬಾ ಅವರಿಗೆ, 2015ರಲ್ಲಿ ಕಜಿಟಾ ಅವರಿಗೆ ನೊಬೆಲ್ ಬಂತು. ನಮ್ಮ ಗಣಿಯಲ್ಲಿ ನೀರು ತುಂಬಿತು. ತಮಿಳುನಾಡಿನ ತೇನಿ ಜಿಲ್ಲೆಯಲ್ಲಿ ಹೊಸ ನ್ಯೂಟ್ರಿನೊ ಕೇಂದ್ರಕ್ಕೆ 2015ರಲ್ಲಿ ಕೇಂದ್ರ ಸರಕಾರ ಒಪ್ಪಿಗೆ ಕೊಟ್ಟರೂ ವಿರೋಧದಿಂದಾಗಿ ಕೆಲಸ ಮುಂದುವರಿಯಲಿಲ್ಲ.

ಜಪಾನಿನ ಸ್ನೇಹ ಮಾತ್ರ ಕಡಿಯಲಿಲ್ಲ. ಊಟಿಯ ಗ್ರೇಪ್ಸ್-3 ಪ್ರಯೋಗದಲ್ಲಿ ಎರಡೂ ದೇಶದವರು ಒಟ್ಟಾಗಿ ದುಡಿದು, 2014ರಲ್ಲಿ ಬಂದ ಒಂದು ಗುಡುಗು ಮೋಡದ ವಿದ್ಯುತ್ ಒತ್ತಡ ಸುಮಾರು 130 ಕೋಟಿ ವೋಲ್ಟ್ ಎಂದು ಲೆಕ್ಕ ಹಾಕಿ 2019ರಲ್ಲಿ ಪ್ರಕಟಿಸಿದರು. ಇದರಿಂದ ತಿಳಿಯಬೇಕಾದದ್ದು ಇಷ್ಟೇ: ಹೊರಗಿನವರು ಉಪಕರಣ ತಂದಾರು, ಜ್ಞಾನ ಹಂಚಿಯಾರು, ಜಾಗ ಉಳಿಸಿಕೊಳ್ಳುವುದು, ಜನರನ್ನು ತಯಾರು ಮಾಡುವುದು ಮನೆಯವರ ಕೆಲಸ.

ಈ ಕೆಲಸದಲ್ಲಿ ಮುಂಬಯಿಯ ಕನ್ನಡ ಸಂಘಗಳ ಪಾಲೇನು? ವರ್ಷ ವರ್ಷವೂ ಪ್ರತಿಭಾ ಪುರಸ್ಕಾರ, ವಿದ್ಯಾರ್ಥಿ ವೇತನ ವಿತರಣೆ ನಡೆಯುತ್ತದೆ. ಇದು ಶ್ಲಾಘನೀಯವೇ. ಆದರೆ ವೇದಿಕೆಯಲ್ಲಿ ಹಾರ ಹಾಕಿಸಿಕೊಳ್ಳುವ ಮಕ್ಕಳಲ್ಲಿ ಇಂಜಿನಿಯರಿಂಗ್, ಸಿಎ, ಎಂಬಿಎಯವರೇ ಹೆಚ್ಚು. ಬಿಎಸ್ಸಿಗೆ ಹೋದ ಹುಡುಗಿಗೆ 'ಬೇರೆ ಎಲ್ಲೂ ಸೀಟು ಸಿಗಲಿಲ್ಲವೇ?' ಎಂದು ಕೇಳುವವರೂ ನಮ್ಮವರೇ. ಹೆತ್ತವರನ್ನು ದೂರಿ ಪ್ರಯೋಜನವಿಲ್ಲ. ಚಾಳಿನ ಖೋಲಿಯಲ್ಲಿ ಬಾಡಿಗೆ, ರೇಷನ್ ಲೆಕ್ಕ ಹಾಕಿ ಬದುಕಿದವರು ಮಕ್ಕಳಿಗೆ ಬೇಗ ಕೆಲಸ ಸಿಗಲಿ ಎಂದು ಬಯಸುವುದು ತಪ್ಪಲ್ಲ. ಫಲ ಬರಲು ಹತ್ತು ವರ್ಷ ಹಿಡಿಯುವ ಓದಿಗೆ ಒಂದು ಕುಟುಂಬ ಧೈರ್ಯ ಮಾಡಲಾರದು, ಸಂಘ ಮಾಡಬಹುದು. ಸಂಘ ಇರುವುದೇ ಅದಕ್ಕೆ.

ಪ್ರತಿಯೊಂದು ಸಂಘವೂ ತನ್ನ ವಿದ್ಯಾನಿಧಿಯಲ್ಲಿ ಒಂದು ಪಾಲನ್ನು ಮೂಲ ವಿಜ್ಞಾನ ಓದುವ ಒಬ್ಬ ವಿದ್ಯಾರ್ಥಿಗಾದರೂ, ಬಿಎಸ್ಸಿಯಿಂದ ಎಂಎಸ್ಸಿ ಮುಗಿಯುವ ತನಕ, ಮೀಸಲಿಡಲಿ. ಫೆಬ್ರವರಿ 28ರಂದು ಹಾರ-ತುರಾಯಿಗಳ ಖರ್ಚು ಉಳಿಸಿ ಮಕ್ಕಳಿಗೆ ಕೋಲಾರದ ಕಥೆ ಹೇಳಿಸಲಿ. 2019ರಲ್ಲಿ ತೀರಿಕೊಂಡ ಶ್ರೀಕಂಠನ್ ಅವರಿಗೆ ಮುಂಬಯಿ ಕನ್ನಡಿಗರು ಸಲ್ಲಿಸಬಹುದಾದ ಗೌರವ ಇದಕ್ಕಿಂತ ದೊಡ್ಡದಿಲ್ಲ. ಸಂಘಗಳ ಪದಾಧಿಕಾರಿಗಳು ಮುಂದಿನ ಮಹಾಸಭೆಗೆ ಮೊದಲು ಈ ಬಗ್ಗೆ ಯೋಚಿಸುವರೇ?