ತಂಡ ಮಾರುವಾಗ ನಮ್ಮನ್ನೂ ಒಂದು ಮಾತು ಕೇಳಿ

‘ಅಕ್ಕ, ಆರ್‌ಸಿಬಿನ ಮಾರ್ಬುಡ್ತಾರಂತೆ, ನಿಜ್ವಾ?’

2025ರ ನವೆಂಬರ್‌ನಲ್ಲಿ ಕೊಳ್ಳೇಗಾಲದ ನನ್ನ ಹೊಲಿಗೆ ಅಂಗಡಿಗೆ ಬಂದವರೆಲ್ಲ ಕೇಳಿದ್ದು ಇದನ್ನೇ. ಬ್ಲೌಸಿನ ಅಳತೆ ಕೊಡಲು ಬಂದ ಹೆಂಗಸರೂ ಕೇಳಿದರು, ಪ್ಯಾಂಟಿಗೆ ಜಿಪ್ ಹಾಕಿಸಲು ಬಂದ ಹೈಸ್ಕೂಲು ಹುಡುಗರೂ ಕೇಳಿದರು. ತಂಡದ ಒಡೆತನ ಹೊಂದಿದ್ದ ಯುನೈಟೆಡ್ ಸ್ಪಿರಿಟ್ಸ್ ಕಂಪನಿ ಅದರಲ್ಲಿರುವ ತನ್ನ ಹೂಡಿಕೆಯನ್ನು ಮರುಪರಿಶೀಲಿಸುತ್ತಿರುವುದಾಗಿ ಷೇರುಪೇಟೆಗೆ ತಿಳಿಸಿತ್ತು. ಐಪಿಎಲ್ ಕಪ್ ಗೆದ್ದು ಆಗಿನ್ನೂ ಐದು ತಿಂಗಳು.

ಕೊಂಡವರಿಗೆ ಮಾರುವ ಹಕ್ಕಿದೆ, ಅದರಲ್ಲಿ ತಕರಾರಿಲ್ಲ. 2008ರಲ್ಲಿ ವಿಜಯ್ ಮಲ್ಯ ಅವರ ಗುಂಪು 11.16 ಕೋಟಿ ಡಾಲರ್ ಕೊಟ್ಟು ತಂಡ ಕೊಂಡಿತು, ತನ್ನ ವಿಸ್ಕಿಯ ಹೆಸರನ್ನೇ ಅದಕ್ಕಿಟ್ಟಿತು. ಮುಂದೆ ಆ ಗುಂಪಿನ ಯುನೈಟೆಡ್ ಸ್ಪಿರಿಟ್ಸ್ ಕಂಪನಿಯೇ ಬ್ರಿಟನ್ನಿನ ಡಿಯಾಜಿಯೊ ಪಾಲಾಯಿತು. ದ್ರಾವಿಡ್, ಕುಂಬ್ಳೆ, ವೆಟ್ಟೋರಿ, ಕೊಹ್ಲಿ, ಡುಪ್ಲೆಸಿ, ಪಾಟೀದಾರ್ ಎಂದು ನಾಯಕರು ಬದಲಾದರು. 2024ರಲ್ಲಿ ಹೆಸರಿನ ಬ್ಯಾಂಗಲೋರ್ ಹೋಗಿ ಬೆಂಗಳೂರು ಬಂತು. ಜೆರ್ಸಿಯ ಬಣ್ಣ ಎಷ್ಟು ಸಲ ಬದಲಾಯಿತೋ ನನ್ನ ಬೀರುವಿಗೇ ಗೊತ್ತು. ಇಷ್ಟೆಲ್ಲದರ ನಡುವೆ ಅಲ್ಲಾಡದೆ ನಿಂತವರು ಅಭಿಮಾನಿಗಳು. ತಂಡದ ಹಣೆಬರಹ ಬರೆಯುವ ಕೋಣೆಯಲ್ಲಿ ನಮ್ಮ ಪರ ಒಬ್ಬರಾದರೂ ಕೂರಬೇಕು ಎಂದು ಕೇಳಲು ಇಷ್ಟು ವರ್ಷದ ನಿಷ್ಠೆ ಸಾಲದೇ?

ಹನೂರು ನನ್ನ ತವರು, ಯಳಂದೂರು ಗಂಡನ ಮನೆ, ಅಂಗಡಿ ಕೊಳ್ಳೇಗಾಲದಲ್ಲಿ. 2008ರ ಏಪ್ರಿಲ್ 18ರಂದು, ಐಪಿಎಲ್‌ನ ಮೊದಲ ಪಂದ್ಯ ನೋಡಿದ್ದು ಹನೂರಿನಲ್ಲಿ, ಅಪ್ಪನ ಪಕ್ಕ ಕೂತು. ಕೋಲ್ಕತ್ತದ ಮೆಕಲಮ್ 158 ಹೊಡೆದ, ನಮ್ಮವರು 82ಕ್ಕೆ ಆಲೌಟ್. ಅಪ್ಪ ಟಿ.ವಿ. ಆರಿಸಿ ‘ನಾಳಿದ್ದು ನೋಡವ’ ಎಂದರು. ಆ ನಾಳಿದ್ದಿಗೆ ಕಾಯುವುದೇ ಮನೆಯ ಪದ್ಧತಿಯಾಯಿತು. 2009ರ ಫೈನಲ್ ಜೊಹಾನೆಸ್‌ಬರ್ಗ್‌ನಲ್ಲಿ. ಕುಂಬ್ಳೆ 16 ರನ್ ಕೊಟ್ಟು 4 ವಿಕೆಟ್ ಕಿತ್ತರೂ 6 ರನ್ನಿನಿಂದ ಸೋತೆವು. 2011ರಲ್ಲಿ ಚೆನ್ನೈನಲ್ಲಿ ಸೋತೆವು. 2016ರಲ್ಲಿ ಕೊಹ್ಲಿ ಒಂದೇ ಸೀಸನ್ನಿನಲ್ಲಿ 973 ರನ್ ಹೊಡೆದರೂ ನಮ್ಮದೇ ಚಿನ್ನಸ್ವಾಮಿಯಲ್ಲಿ 8 ರನ್ನಿನಿಂದ ಸೋತೆವು. ಮರುವರ್ಷ ಈಡನ್ ಗಾರ್ಡನ್ಸ್‌ನಲ್ಲಿ 49ಕ್ಕೆ ಆಲೌಟ್. ಅವತ್ತು ನಾನು ಊಟ ಮಾಡಲಿಲ್ಲ. ಮಾರನೆ ದಿನ ಅಂಗಡಿಗೆ ಕೆಂಪು ದುಪಟ್ಟಾ ಹೊದ್ದುಕೊಂಡೇ ಹೋದೆ.

ಗೆದ್ದಾಗ ಜೊತೆಗಿರಲು ಯಾರಿಗೂ ಏನೂ ಖರ್ಚಿಲ್ಲ. ಹದಿನೇಳು ಸೀಸನ್ ಸೋತ ತಂಡವನ್ನು ಬಿಡದೆ ಹಿಡಿದುಕೊಂಡ ಜನರದು ಬೇರೆಯೇ ಜಾತಿಯ ಪ್ರೀತಿ. ಅದಕ್ಕೊಂದು ಬೆಲೆಯಿದೆ ಎಂದು ನಾನು ನಂಬುತ್ತೇನೆ.

ಈ ಪ್ರೀತಿ ನಮ್ಮ ಕಡೆ ಹೇಗಿರುತ್ತದೆ ಎಂದು ಬೆಂಗಳೂರಿನವರಿಗೆ ಹೇಳಬೇಕು. ಮಾರ್ಚ್ ಬಂತೆಂದರೆ ನನ್ನ ಅಂಗಡಿಗೆ ತಿರುಪ್ಪೂರಿನ ಖಾದರ್‌ಪೇಟೆಯಿಂದ ಟೀ ಶರ್ಟಿನ ಮೂಟೆ ಬರುತ್ತದೆ. ದಿಂಬಂ ಘಾಟಿಯ 27 ತಿರುವು ಹತ್ತಿ, ಹಾಸನೂರು, ಚಾಮರಾಜನಗರ ದಾಟಿ ಬರುವ ಆ ಮೂಟೆಯಲ್ಲಿ ಕೆಂಪಿನ ಜೊತೆಗೆ ಚೆನ್ನೈ ತಂಡದ ಹಳದಿಯೂ ಇರುತ್ತದೆ. ಏಕೆಂದರೆ ನಮ್ಮದು ಗಡಿ ಸೀಮೆ. 1956ರ ತನಕ ಕೊಳ್ಳೇಗಾಲ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಇಂದಿಗೂ ಹನೂರಿನ ಆಚೆ, ಮಾರ್ಟಳ್ಳಿ ಕಡೆ, ಮನೆಯಲ್ಲಿ ತಮಿಳು ಆಡುವವರು ಬಹಳ. ಅವರಿಗೆ ಧೋನಿಯೇ ದೇವರು. ಅಲ್ಲಿಂದ ಕೆಲಸಕ್ಕೆ ಬರುವ ಗೆಳತಿಯೊಬ್ಬಳು ನನ್ನ ಪಕ್ಕದ ಮಷೀನಿನಲ್ಲಿ ಹೊಲಿಯುತ್ತಾಳೆ. 2024ರ ಮೇ 18ರಂದು, ಗೆದ್ದರಷ್ಟೇ ನಮಗೆ ಪ್ಲೇ ಆಫ್ ಎಂಬಂಥ ಪಂದ್ಯದಲ್ಲಿ, ಕೊನೆಯ ಓವರಿನ ಮೊದಲ ಚೆಂಡಿಗೆ ಧೋನಿ ಸಿಕ್ಸರ್ ಎತ್ತಿ ಎರಡನೆಯದಕ್ಕೆ ಔಟಾದರು. ನಾನು ಕೂಗಿದೆ, ಅವಳು ಅತ್ತಳು. ಮಾರನೆಯ ಬೆಳಿಗ್ಗೆ ಇಬ್ಬರೂ ಒಂದೇ ಡಬ್ಬಿಯಿಂದ ಚಿತ್ರಾನ್ನ ತಿಂದೆವು. ಕಾವೇರಿ ಗಲಾಟೆಯ ದಿನಗಳಲ್ಲಿ ಬಸ್ಸು ನಿಂತು ಬದುಕು ಕೆಡುವುದು ಏನೆಂದು ಕಂಡವರು ನಾವು. ಆಟದ ಜಗಳವನ್ನು ಆಟದಲ್ಲೇ ಮುಗಿಸುವುದು ನಮಗೆ ಯಾರೂ ಕಲಿಸಬೇಕಾದ್ದಲ್ಲ.

ಬೆನ್ನಿಗೆ ನಂಬರು ಹಾಕುವ ಕೆಲಸ ಮಾತ್ರ ನಾನು ಯಾರ ಕೈಗೂ ಕೊಡುವುದಿಲ್ಲ. ಪ್ಲಾಸ್ಟಿಕ್ ಹಾಳೆಯಲ್ಲಿ ಅಂಕಿ ಕತ್ತರಿಸಿ, ಬೆನ್ನಿನ ನಡುಮಧ್ಯೆ ಇಟ್ಟು, ಮೇಲೊಂದು ತೆಳು ಹತ್ತಿಬಟ್ಟೆ ಹಾಸಿ ಇಸ್ತ್ರಿಪೆಟ್ಟಿಗೆ ಒತ್ತಬೇಕು. ಬಟ್ಟೆಗೆ ಇಸ್ತ್ರಿ ಮಾಡುವ ಹಾಗೆ ಎಳೆಯಬಾರದು, ಎಳೆದರೆ 1 ಜರುಗಿ 8ಕ್ಕೆ ಅಂಟಿಕೊಳ್ಳುತ್ತದೆ. ಪೂರಾ ತಣ್ಣಗಾದ ಮೇಲೆ ಮೇಲಿನ ಹಾಳೆ ಬಿಡಿಸಬೇಕು. ಡಿವಿಲಿಯರ್ಸ್‌ರ 17, ಗೇಲ್‌ರ 333 ಇವನ್ನು ತಂಡ 2023ರಲ್ಲಿ ನಿವೃತ್ತಿಗೊಳಿಸಿತು, ನಮ್ಮಲ್ಲಿ 17ಕ್ಕೆ ಇನ್ನೂ ಗಿರಾಕಿ ಇದ್ದಾರೆ. ಎಲ್ಲಕ್ಕಿಂತ ಹೆಚ್ಚು ಹೋಗುವುದು 18. ಯಳಂದೂರಿನಿಂದ ಬಂದ ಒಬ್ಬ ಹುಡುಗಿಗೆ 18 ಅಂಟಿಸಿ, ಮೇಲೆ ಕೊಹ್ಲಿ ಹೆಸರು ಇಡಲು ಹೋದಾಗ ಅವಳು ನನ್ನ ಕೈ ಹಿಡಿದಳು. ‘ಅದಲ್ಲ ಆಂಟಿ, ಸ್ಮೃತಿ.’ ಮಂದಾನಾ ಅವರದೂ 18. ಗಂಡಸರಿಗಿಂತ ಮೊದಲು, 2024ರ ಮಾರ್ಚ್‌ನಲ್ಲಿ, ಆರ್‌ಸಿಬಿಗೆ ಕಪ್ ತಂದವರು ಅವರ ತಂಡದ ಹೆಣ್ಣುಮಕ್ಕಳು. ಫೈನಲ್ಲಿನಲ್ಲಿ 4 ವಿಕೆಟ್ ತೆಗೆದದ್ದು ಕಲಬುರಗಿ ಮೂಲದ ಶ್ರೇಯಾಂಕಾ ಪಾಟೀಲ್.

2025ರ ಜೂನ್ 3ರ ರಾತ್ರಿ ಅಹಮದಾಬಾದ್‌ನಲ್ಲಿ ಪಂಜಾಬ್ ವಿರುದ್ಧ 6 ರನ್ನಿನಿಂದ ಗೆದ್ದೆವು. 2009ರಲ್ಲಿ ಸೋತಷ್ಟೇ ರನ್ನು. ಹನೂರಿನಿಂದ ತಮ್ಮ ಫೋನ್ ಮಾಡಿ ‘ಗೆದ್ದೇಬುಟ್ರು ಕನಕ್ಕೋ’ ಎಂದ. ಅವನ ಹಿಂದೆ ಪಟಾಕಿ ಸದ್ದು. ಅಪ್ಪ ಅಷ್ಟೊತ್ತಿಗೆ ಇರಲಿಲ್ಲ.

ಮಾರನೆಯ ಮಧ್ಯಾಹ್ನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ಕಾಲ್ತುಳಿತದಲ್ಲಿ 11 ಜನ ಸತ್ತರು, 50ಕ್ಕೂ ಹೆಚ್ಚು ಮಂದಿ ಗಾಯಗೊಂಡರು. 35 ಸಾವಿರ ಜನ ಹಿಡಿಯುವ ಜಾಗಕ್ಕೆ ಎರಡು-ಮೂರು ಲಕ್ಷ ಜನ ಬಂದಿದ್ದರೆಂದು ಮುಖ್ಯಮಂತ್ರಿಗಳೇ ಹೇಳಿದರು. ನಮ್ಮ ಬೀದಿಯ ಹುಡುಗನೂ ಬೆಳಿಗ್ಗೆಯ ಬಸ್ಸಿಗೆ ಹೋಗಿದ್ದ. ಅವನ ತಾಯಿ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಫೋನ್ ಮಾಡುತ್ತಲೇ ಇದ್ದರು, ಲೈನ್ ಸಿಗಲಿಲ್ಲ. ಟಿ.ವಿ. ಹಾಕಬೇಡಿ ಎಂದರು. ಕತ್ತಲಾದ ಮೇಲೆ ಬೇರೆ ಯಾರದೋ ಫೋನಿನಿಂದ ಅವನೇ ಮಾಡಿದ. ಫೋನ್ ಬಾರದ ಮನೆಗಳ ಬಗ್ಗೆ ನಾನು ಇವತ್ತಿಗೂ ಯೋಚಿಸುತ್ತೇನೆ.

ಆಮೇಲೆ ಕೆಲವರು ಅಭಿಮಾನಿಗಳಿಗೆ ಹುಚ್ಚು ಎಂದರು. ಆ ಮಾತು ನನಗೆ ಆಗಲೂ ಒಪ್ಪಿಗೆಯಿರಲಿಲ್ಲ, ಈಗಲೂ ಇಲ್ಲ. ಇಷ್ಟು ವರ್ಷ ಕಾದ ಕಪ್ಪನ್ನು ಒಂದು ಸಲ ಕಣ್ಣಾರೆ ನೋಡಬೇಕೆಂದು ಹೊರಟ ಹುಡುಗರು ಅವರು. ನೋಡುವುದಕ್ಕೆ ಇಡೀ ರಾಜ್ಯಕ್ಕೆ ಇದ್ದದ್ದು ಒಂದೇ ಊರು, ಒಂದೇ ಮಧ್ಯಾಹ್ನ. ಕಪ್ಪನ್ನು ಜಿಲ್ಲೆ ಜಿಲ್ಲೆಗೆ ತರುತ್ತೇವೆ, ಅವಸರ ಬೇಡ ಎಂದು ಒಂದು ಮಾತು ಹೇಳಿದ್ದರೆ ನಮ್ಮ ಬೀದಿಯ ಹುಡುಗ ಆ ಬಸ್ಸು ಹತ್ತುತ್ತಿರಲಿಲ್ಲ. ಹಾಗೆ ಹೇಳಿಸುವವರು ತಂಡದ ಒಳಗೆ ಇರಲಿಲ್ಲ. ನಾನು ಪ್ರತಿನಿಧಿ ಬೇಕು ಎನ್ನುವುದು ಇಂಥ ಮಾತಿಗಾಗಿ.

ಇದು ಆಗದ ಹೋಗದ ಮಾತಲ್ಲ. ನನ್ನ ಅಣ್ಣನ ಮಗ ಷಿಕಾಗೋದಲ್ಲಿದ್ದಾನೆ. ಅಲ್ಲಿಂದ ಮೂರ್ನಾಲ್ಕು ಗಂಟೆ ಕಾರಿನಲ್ಲಿ ಹೋದರೆ ಗ್ರೀನ್ ಬೇ ಎಂಬ ಊರು. ಜನಸಂಖ್ಯೆ ಸುಮಾರು ಒಂದು ಲಕ್ಷ. ಕೊಳ್ಳೇಗಾಲಕ್ಕಿಂತ ದೊಡ್ಡದು, ಮೈಸೂರಿಗಿಂತ ಎಷ್ಟೋ ಚಿಕ್ಕದು. ಅಲ್ಲಿನ ‘ಪ್ಯಾಕರ್ಸ್’ ಅಮೆರಿಕನ್ ಫುಟ್‌ಬಾಲ್ ತಂಡ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ ಅದು, ನಮ್ಮ ಕಾಲ್ಚೆಂಡಲ್ಲ. 1919ರಲ್ಲಿ ಹುಟ್ಟಿದ ಆ ತಂಡ ದುಡ್ಡಿಲ್ಲದೆ ಮುಚ್ಚುವ ಹಂತಕ್ಕೆ ಬಂದಾಗ, 1923ರಲ್ಲಿ ಊರಿನವರೇ ಷೇರು ಕೊಂಡು ಉಳಿಸಿಕೊಂಡರು. ಇವತ್ತು ಅದಕ್ಕೆ ಐದು ಲಕ್ಷಕ್ಕೂ ಹೆಚ್ಚು ಷೇರುದಾರರು. ಲಾಭಾಂಶ ಒಂದು ಪೈಸೆಯೂ ಇಲ್ಲ, ಷೇರನ್ನು ಲಾಭಕ್ಕೆ ಮಾರುವಂತಿಲ್ಲ. ಆದರೂ ಜನ ಕೊಳ್ಳುತ್ತಾರೆ, ಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ. ವರ್ಷಕ್ಕೊಮ್ಮೆ ಷೇರುದಾರರ ಸಭೆ ಅವರ ಕ್ರೀಡಾಂಗಣದಲ್ಲೇ ಸೇರುತ್ತದೆ, ಲೆಕ್ಕ ಒಪ್ಪಿಸುತ್ತಾರೆ. ಚಿಕ್ಕ ಊರಿನ ತಂಡವೆಂದು ಸೋತು ಕೂತಿಲ್ಲ. ಆ ಆಟದ ದೊಡ್ಡ ಫೈನಲ್ಲಾದ ಸೂಪರ್ ಬೌಲ್ ನಾಲ್ಕು ಸಲ ಗೆದ್ದಿದೆ, ಆ ಟ್ರೋಫಿಗೆ ಇಟ್ಟಿರುವುದೇ ಪ್ಯಾಕರ್ಸ್ ತಂಡದ ಹಳೆಯ ಕೋಚ್ ವಿನ್ಸ್ ಲೊಂಬಾರ್ಡಿ ಹೆಸರು. ದೊಡ್ಡ ನಗರಗಳಿಗೆ ಎಷ್ಟೋ ತಂಡಗಳು ಗಂಟುಮೂಟೆ ಕಟ್ಟಿದರೂ ಇದು ಊರು ಬಿಟ್ಟಿಲ್ಲ, ಬಿಡಿಸಲು ಅಲ್ಲೊಬ್ಬ ಒಡೆಯನಿಲ್ಲ. ಅಣ್ಣನ ಮಗ ಇದನ್ನೆಲ್ಲ ವಿಡಿಯೊ ಕಾಲಿನಲ್ಲಿ ಹೇಳುವಾಗ ನನಗೆ ಹೊಟ್ಟೆಕಿಚ್ಚಾಯಿತು.

ಸಾವಿರಾರು ಕೋಟಿಯ ಆರ್‌ಸಿಬಿಯನ್ನು ನಾವು ಚಂದಾ ಎತ್ತಿ ಕೊಳ್ಳಲಾಗದು, ಗೊತ್ತು. ಆದರೆ ಒಡೆಯರು ಯಾರೇ ಆಗಲಿ, ಆಡಳಿತ ಮಂಡಳಿಯಲ್ಲಿ ಅಭಿಮಾನಿಗಳು ಆರಿಸಿದ ಒಬ್ಬರಿಗೆ ಕುರ್ಚಿ ಹಾಕಲು ಎಷ್ಟು ಕೋಟಿ ಬೇಕು?

ಹಾಗೊಬ್ಬರು ಕೂತರೆ ಅವರು ಮೊದಲು ಕೇಳಬೇಕಾದ್ದು ಮೈಸೂರಿನ ಪಂದ್ಯವನ್ನು. ಪಂಜಾಬ್ ತಂಡ ಧರ್ಮಶಾಲಾದಲ್ಲಿ ಆಡುತ್ತದೆ, ರಾಜಸ್ಥಾನ ಅಷ್ಟು ದೂರದ ಗುವಾಹಟಿಗೆ ಹೋಗಿ ಆಡಿದೆ, ಡೆಲ್ಲಿ ವಿಶಾಖಪಟ್ಟಣದಲ್ಲಿ ಆಡಿದೆ. 2025ರ ಮಹಾರಾಜ ಟ್ರೋಫಿ ಟಿ20 ಟೂರ್ನಿ ಪೂರ್ತಿ ಮೈಸೂರಿನ ಒಡೆಯರ್ ಮೈದಾನದಲ್ಲೇ ನಡೆಯಿತು. ಕ್ರೀಡಾಂಗಣ ಇನ್ನೂ ದೊಡ್ಡದಾಗಬೇಕು ಎನ್ನುತ್ತಾರಾದರೆ ಮಾಡಲಿ. ಈಗ ಬೆಂಗಳೂರಿನಲ್ಲಿ ಏಳೂವರೆಯ ಪಂದ್ಯ ಮುಗಿಯುವಾಗ ಹನ್ನೊಂದು ದಾಟುತ್ತದೆ. ಕೊಳ್ಳೇಗಾಲಕ್ಕೆ ರೈಲಿಲ್ಲ, ಕನಕಪುರ ರಸ್ತೆಯಲ್ಲಿ ನೂರಮೂವತ್ತಕ್ಕೂ ಹೆಚ್ಚು ಕಿಲೋಮೀಟರ್ ಬರಬೇಕು, ಹನೂರಿನವರಿಗೆ ಅದರ ಮೇಲೆ ಇನ್ನೂ ಇಪ್ಪತ್ತೈದು. ಹೆಣ್ಣುಮಗಳೊಬ್ಬಳು ಮಗುವನ್ನು ಕಟ್ಟಿಕೊಂಡು ಆ ಹೊತ್ತಿನಲ್ಲಿ ಏನು ಮಾಡಬೇಕು? ಟಿಕೆಟ್ಟೂ ಅಷ್ಟೇ, ಆನ್‌ಲೈನಿನಲ್ಲಿ ಬಿಟ್ಟ ಕೆಲವೇ ನಿಮಿಷದಲ್ಲಿ ಖಾಲಿ. ಪ್ರತಿ ಪಂದ್ಯಕ್ಕೆ ಹೊರಜಿಲ್ಲೆಗಳಿಗೆಂದು ಒಂದಷ್ಟು ಟಿಕೆಟ್ ತೆಗೆದಿಟ್ಟು, ಹೋಗಿಬರುವ ಬಸ್ಸಿನ ಸಮೇತ ಕೊಟ್ಟರೆ ಒಂದು ಸ್ಟ್ಯಾಂಡು ಕೆಂಪಾಗುವಷ್ಟು ಜನ ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರು ತಾಲ್ಲೂಕಿನಿಂದಲೇ ಬರುತ್ತೇವೆ.

ಇನ್ನು ಆಡುವ ಹುಡುಗರ ಮಾತು. ನಮ್ಮ ಕಡೆಯ ಬಹುಪಾಲು ಮಕ್ಕಳು ಬೆಳೆಯುವುದು ಟೆನಿಸ್ ಬಾಲಿನಲ್ಲಿ. ಕೊಳ್ಳೇಗಾಲದ ಎಂಜಿಎಸ್‌ವಿ ಕಾಲೇಜಿನ ಮೈದಾನದಲ್ಲಿ ಭಾನುವಾರ ನಿಂತು ನೋಡಿ, ಯಾರ್ಕರ್ ಹಾಕುವ ಹುಡುಗರಿದ್ದಾರೆ. ಲೆದರ್ ಬಾಲು, ಪ್ಯಾಡು, ಕೋಚು ಎಂದರೆ ಮೈಸೂರಿಗೆ ಹೋಗಬೇಕು, ರೇಷ್ಮೆ ಗೂಡು ಮಾರಿ ಬದುಕುವ ಮನೆಗೆ ಅದು ಆಗುವ ಖರ್ಚಲ್ಲ. ರಾಯಚೂರಿನ ಮನೋಜ್ ಭಾಂಡಗೆ ಆರ್‌ಸಿಬಿ ಬಳಗಕ್ಕೆ ಬಂದಿದ್ದರು. ದೂರದ ಊರಿನವರಿಗೆ ಆಗುತ್ತದೆ ಎಂದು ಇದರಿಂದಲೇ ಗೊತ್ತಾಗುತ್ತದೆ. ತಾಲ್ಲೂಕಿಗೊಂದು ಟರ್ಫ್ ಪಿಚ್ಚು, ವರ್ಷಕ್ಕೊಂದು ಆಯ್ಕೆ ಶಿಬಿರ, ಅದರಲ್ಲಿ ಹೆಣ್ಣುಮಕ್ಕಳಿಗೂ ಸಮನಾದ ದಿನ: ತಂಡದ ಒಬ್ಬ ಆಟಗಾರನ ಹರಾಜಿನ ಬೆಲೆಯ ಮುಂದೆ ಇದು ಯಾವ ಲೆಕ್ಕ?

ಗ್ರೀನ್ ಬೇಯಲ್ಲಿ ನಡೆಯುವಂಥ ವಾರ್ಷಿಕ ಸಭೆಯನ್ನು ಆರ್‌ಸಿಬಿ ಕರೆದ ದಿನ, ಅದು ಬೆಂಗಳೂರಿನಲ್ಲೇ ಇರಲಿ, ಅಂಗಡಿಗೆ ಬೀಗ ಹಾಕಿ ಬರುತ್ತೇನೆ. ಜೂನ್ 4ರ ಸಂಭ್ರಮಾಚರಣೆಗೆ ಯಾರು ಯಾವ ಹೊತ್ತಿನಲ್ಲಿ ಕರೆ ಕೊಟ್ಟರು, ಗೇಟು ತೆರೆಯುವ ತೀರ್ಮಾನ ಯಾರದು ಎಂದು ಮೊದಲು ಕೇಳುತ್ತೇನೆ. ಅದಕ್ಕೆ ಉತ್ತರ ಸಿಕ್ಕ ಮೇಲೆ, ಮೈಸೂರಿನ ಪಂದ್ಯ ಯಾವ ತಾರೀಕು ಎಂದು.