ಮಣಿಕರ್ಣಿಕೆಯ ದಾರಿಯಲ್ಲಿ ಹಳೆಯ ಗಾಡಿಯ ದೀಪ

ಕಾಶಿಗೆ ಹೋಗಿ ಬಂದವರು ಗಂಗೆಯ ಮಾತು, ವಿಶ್ವನಾಥನ ಮಾತು ಆಡುವುದು ವಾಡಿಕೆ. ನಾವು ಮೋಟಾರಿನ ದೀಪದ ಮಾತು ಆಡಹೊರಟಿದ್ದೇವೆ. ಓದುಗ ಬಂಧುಗಳು ನಗಬಾರದು. ಈ ದೀಪದ ದೆಸೆಯಿಂದ ಒಬ್ಬ ಬಡವನ ಪ್ರಾಣ ಹೋಗುವುದಿತ್ತು; ದೈವ ದೊಡ್ಡದು, ಹೋಗಲಿಲ್ಲ.

ನಮ್ಮ ಹಳೆಯ ಸದಸ್ಯರೊಬ್ಬರು 1982ರ ಮುಷ್ಕರದಲ್ಲಿ ಗಿರಣಿಯ ಕೆಲಸ ಕಳೆದುಕೊಂಡು, ಆಮೇಲೆ ಟ್ಯಾಕ್ಸಿ ಓಡಿಸಿ ಮಕ್ಕಳನ್ನು ದಡ ಸೇರಿಸಿದವರು. ಸ್ವಂತಕ್ಕೆಂದು ಒಂದು ಹಳೆಯ ಪ್ರೀಮಿಯರ್ ಪದ್ಮಿನಿ ಇಟ್ಟುಕೊಂಡಿದ್ದರು. ಮುಂಬಯಿಯ ಕಾಲಿಪೀಲಿ ಪದ್ಮಿನಿಗಳು 2023ರ ಅಕ್ಟೋಬರ್ ಕೊನೆಗೆ ರಸ್ತೆಯಿಂದ ಮರೆಯಾದವು. ಖಾಸಗಿಯಾದ್ದರಿಂದ ಇದೊಂದು ಉಳಿಯಿತು. ಅವರು ತೀರಿಕೊಂಡ ಮೇಲೆ ಮಗ, ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂರುವವನು, ಅಸ್ಥಿಯನ್ನು ಅಪ್ಪನ ಗಾಡಿಯಲ್ಲೇ ಕಾಶಿಗೆ ಒಯ್ಯುತ್ತೇನೆಂದು ಹಟ ಹಿಡಿದ. ರೈಲು ಇದೆಯಲ್ಲಪ್ಪಾ ಎಂದೆವು. ಕೇಳಲಿಲ್ಲ. ಐದು ಜನ, ಡಿಕ್ಕಿ ತುಂಬ ಸಾಮಾನು, ಮೇಲಿನ ಕ್ಯಾರಿಯರಿನಲ್ಲಿ ಹಾಸಿಗೆ, ಪಾತ್ರೆ, ಅಕ್ಕಿಮೂಟೆ. ಆ ಐವರಲ್ಲಿ ನಾವೂ ಇದ್ದೆವು.

ದಾರಿಯುದ್ದಕ್ಕೂ ಎದುರಿನ ಲಾರಿಗಳು ನಮ್ಮತ್ತ ದೀಪ ಮಿಣುಕಿಸುತ್ತಲೇ ಇದ್ದವು. ಹುಡುಗ ಅವರನ್ನು ಬಯ್ಯುತ್ತಲೇ ಇದ್ದ. ಏಕೆಂದರೆ ಅವನು ದೀಪ ಡಿಪ್ ಮಾಡಿಯೇ ಓಡಿಸುತ್ತಿದ್ದ. ರೀವಾ ದಾಟಿದ ಮೇಲೆ ಒಂದು ಬೆಳಗಿನ ಜಾವ, ಇನ್ನೂ ಕತ್ತಲೆ, ಹಾಲಿನ ಕ್ಯಾನು ಕಟ್ಟಿಕೊಂಡ ಸೈಕಲ್ಲಿನವನೊಬ್ಬ ಎದುರಿಗೆ ಬಂದ. ಕಣ್ಣಿಗೆ ಕೈ ಅಡ್ಡ ಹಿಡಿದ. ಒಂದೇ ಕೈಯಲ್ಲಿ ಸೈಕಲ್ಲು ಹೊಯ್ದಾಡಿತು. ರಸ್ತೆಯಂಚಿನಿಂದ ಜಾರಿ ಮಣ್ಣಿಗೆ ಉರುಳಿದ. ಹಿಂದೆ ಒಂದು ಲಾರಿ ಬರುತ್ತಿದ್ದುದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಮೊಣಕಾಲು ತರಚಿತ್ತು, ಹಾಲು ಮಣ್ಣುಪಾಲಾಗಿತ್ತು. ಅವನು ಜಗಳವಾಡಲಿಲ್ಲ. "ಬತ್ತಿ ನೀಚೇ ಕರೋ, ಭೈಯಾ" ಎಂದನಷ್ಟೆ. ಹಾಲಿನ ದುಡ್ಡು ಕೊಟ್ಟು ಕೈಮುಗಿದು ಮುಂದೆ ಹೋದೆವು. ಬತ್ತಿ ಇಳಿಸಿಯೇ ಇದೆಯಲ್ಲ, ಇನ್ನೆಲ್ಲಿ ಇಳಿಸುವುದು ಎಂಬುದು ಮಾತ್ರ ನಮಗಾರಿಗೂ ತಿಳಿಯಲಿಲ್ಲ.

ತಿಳಿದದ್ದು ಮಣಿಕರ್ಣಿಕೆಗೆ ಹೋದ ರಾತ್ರಿ. ಅಲ್ಲಿ ಚಿತೆ ಹಗಲಿರುಳೂ ಉರಿಯುತ್ತದೆ. ಗಾಜೀಪುರ, ಜೌನ್‌ಪುರದಿಂದ, ಬಿಹಾರದ ಕಡೆಯಿಂದಲೂ ಶವಗಳು ಬರುತ್ತವೆ. ಘಾಟಿನ ತನಕ ಮೋಟಾರು ಹೋಗದು, ಗಲ್ಲಿಗಳು ಅಷ್ಟು ಇಕ್ಕಟ್ಟು. ಪೇಟೆಯ ರಸ್ತೆಯಲ್ಲೇ ಗಾಡಿ ನಿಲ್ಲಿಸಿ ಬಿದಿರ ಚಟ್ಟವನ್ನು ಹೆಗಲ ಮೇಲೆ ಒಯ್ಯುತ್ತಾರೆ. ನಾವು ಮೈದಾಗಿನ್ ಬಳಿ ನಿಂತಿದ್ದಾಗ ಒಂದು ಹಳೆಯ ಜೀಪು ಬಂತು. ಮೇಲೆ ಚಟ್ಟ ಕಟ್ಟಿದೆ, ಒಳಗೆ ಎಂಟು ಹತ್ತು ಜನ, ಹಿಂಬದಿ ಕುಸಿದಿದೆ, ಮೂತಿ ಮೇಲೆದ್ದಿದೆ. ಅದರ ದೀಪದ ಬೆಳಕು ರಸ್ತೆಯ ಮೇಲಲ್ಲ, ಎದುರು ಮನೆಯ ಮಾಳಿಗೆಯ ಕಿಟಕಿಗೆ ಬೀಳುತ್ತಿತ್ತು. ಹುಡುಗ ಅದನ್ನು ನೋಡಿದ, ನಮ್ಮ ಮುಖ ನೋಡಿದ. "ನಮ್ಮದೂ ಹೀಗೆಯೇ ಇರಬೇಕು" ಎಂದ.

ಲೆಕ್ಕ ಬಹು ಸುಲಭ. ಪದ್ಮಿನಿಯ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಸುಮಾರು 92 ಅಂಗುಲ. ಹೊರೆಯಿಂದ ಹಿಂದಿನ ಪಟ್ಟಿ ಸ್ಪ್ರಿಂಗು 3 ಅಂಗುಲ ಕುಸಿದರೆ ಬೆಳಕು ನೂರು ಅಡಿಗೆ ಮೂರಡಿಯಂತೆ ಮೇಲೇಳುತ್ತದೆ. ಡಿಪ್ ದೀಪಕ್ಕೆ ನೂರಕ್ಕೆ ಒಂದು ಇಳಿಜಾರು ಇದ್ದದ್ದನ್ನು ಕಳೆದರೂ ಎರಡು ಮಿಕ್ಕಿತು. 150 ಅಡಿ ದೂರದಲ್ಲಿ ಅದು 3 ಅಡಿ. ದೀಪವೇ ನೆಲದಿಂದ ಎರಡಡಿ ಎತ್ತರದಲ್ಲಿದೆ. ಒಟ್ಟು 5 ಅಡಿ. ಸೈಕಲ್ಲಿನ ಮೇಲೆ ಕುಳಿತವನ ಕಣ್ಣು ಇರುವುದು ಅಲ್ಲಿಯೇ. ಇಷ್ಟರ ಮೇಲೆ, ಹೊರಡುವ ಮುಂಚೆ ಬಲ್ಬು ಬದಲಿಸಿದ ಗ್ಯಾರೇಜಿನವರು ದೀಪದ ನೇರ ನೋಡಿರಲೇ ಇಲ್ಲ. ದುಡ್ಡನ್ನಂತೂ ಎಣಿಸಿಕೊಂಡಿದ್ದರು.

ಮರುದಿನ ಸಂಜೆ, ಇಳಿದುಕೊಂಡಿದ್ದ ಮನೆಯ ಅಂಗಳದಲ್ಲಿ ನಾವೇ ಸರಿಪಡಿಸಿದೆವು. ನೆಲ ಸಮತಟ್ಟಾಗಿರಬೇಕು, ಟೈರಿನ ಗಾಳಿ ಸರಿಯಿರಬೇಕು. ಗಾಡಿಯನ್ನು ಗೋಡೆಗೆ ತೀರ ಹತ್ತಿರ ತಂದು ಎರಡೂ ದೀಪಗಳ ನಡುವಿಗೆ ಸರಿಯಾಗಿ ಸೀಮೆಸುಣ್ಣದಿಂದ ಒಂದೊಂದು ಗುರುತು. ಆ ಗುರುತುಗಳನ್ನು ಕೂಡಿಸಿ ಅಡ್ಡ ಗೆರೆ. ಅದಕ್ಕೆ 3 ಅಂಗುಲ ಕೆಳಗೆ ಇನ್ನೊಂದು. ಬಳಿಕ ಗಾಡಿಯನ್ನು ನೆಟ್ಟಗೆ 25 ಅಡಿ ಹಿಂದೆ ತೆಗೆಯಬೇಕು. 25 ಅಡಿಗೆ 300 ಅಂಗುಲ, 3 ಅಂಗುಲವೆಂದರೆ ನೂರಕ್ಕೆ ಒಂದು. ಸಾಮಾನೆಲ್ಲ ಮತ್ತೆ ಹೇರಿ ಎಲ್ಲರೂ ಒಳಗೆ ಕುಳಿತರು. ಸ್ಕ್ರೂ ತಿರುಗಿಸಲು ಹುಡುಗ ಇಳಿಯಬೇಕಾದ್ದರಿಂದ ಆ ಮನೆಯ ಪೋರನೊಬ್ಬ ಸ್ಟಿಯರಿಂಗ್ ಹಿಡಿದು ಭಾರಿ ಗತ್ತಿನಿಂದ ಕುಳಿತ.

ದೀಪದ ಸುತ್ತಲಿನ ಹೊಳೆಯುವ ಬಳೆಯನ್ನು ಬಿಚ್ಚಿದರೆ ಸ್ಕ್ರೂಗಳು ಕಾಣುತ್ತವೆ. ಸಾಮಾನ್ಯವಾಗಿ ಮೇಲಿನದು ಬೆಳಕನ್ನು ಏರಿಸಿ ಇಳಿಸಲಿಕ್ಕೆ, ಪಕ್ಕದ್ದು ಎಡಬಲಕ್ಕೆ. ದೀಪವನ್ನು ಹಿಡಿದಿಟ್ಟ ಸಣ್ಣ ಸ್ಕ್ರೂಗಳು ಬೇರೆ. ಅವುಗಳಿಗೆ ಕೈ ಹಚ್ಚಬೇಡಿ. ಒಂದು ದೀಪಕ್ಕೆ ಬಟ್ಟೆ ಮುಚ್ಚಿ ಇನ್ನೊಂದನ್ನು ನೋಡಬೇಕು. ಡಿಪ್‌ನಲ್ಲಿ ಬೆಳಕಿನ ಮೇಲಂಚು ಕೆಳಗಿನ ಗೆರೆಗೆ ಮುಟ್ಟಬೇಕು, ಗಾಢ ಬೆಳಕು ಎಡಕ್ಕೆ ಬೀಳಬೇಕು. ಬಲಕ್ಕೆ ಬಿದ್ದರೆ ಎದುರಿನವನ ಮುಖಕ್ಕೆ. ಸ್ಕ್ರೂ ಎಷ್ಟು ಸುತ್ತು ತಿರುಗಿಸಿದಿರೆಂದು ಬರೆದಿಡಿ. ಹೊರೆ ಇಳಿಸಿದ ಮೇಲೆ ದೀಪ ತೀರ ಕೆಳಗಾಗಿ ದಾರಿ ಕಾಣದು, ಅಷ್ಟೇ ಸುತ್ತು ಹಿಂದಕ್ಕೆ ತಿರುಗಿಸಬೇಕು. ನಮಗೆ ಒಂದು ಗಂಟೆ ಹಿಡಿಯಿತು, ಕಾಸು ಖರ್ಚಾಗಲಿಲ್ಲ.

ಹಳೆಯ ಗಾಡಿಗಳನ್ನು ಗುಜರಿಗೆ ಹಾಕಿದರೆ ಈ ಪೀಡೆ ತಪ್ಪೀತೆಂಬ ಮಾತು ಕೇಳುತ್ತೇವೆ. ನಾವು ಒಪ್ಪುವುದಿಲ್ಲ. ಹಳೆಯ ದೀಪದ ಬೋಗುಣಿಗೆ ಬಜಾರಿನ ಎಲ್‌ಇಡಿ ಬಲ್ಬು ತುರುಕಿದರೆ ಬೆಳಕು ದಿಕ್ಕುದಿಕ್ಕಿಗೆ ಚೆದರುತ್ತದೆ, ನಿಜ. ಆದರೆ ಎತ್ತರದ ಹೊಸ ಗಾಡಿಗಳ ಬಿಳಿ ದೀಪ ಕಣ್ಣಿಗೆ ಚುಚ್ಚುವುದು ಕಡಮೆಯೇ? ಗಾಜಿನ ಮೇಲೆ ಕರಿ ಬೊಟ್ಟು ಇಡುವುದೂ ಮದ್ದಲ್ಲ. ಬೆಳಕು ಕುಗ್ಗೀತು, ಓರೆ ನೆಟ್ಟಗಾಗದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಇದಕ್ಕೆ ಅಳತೆಯೇ ಉಂಟು: ದೀಪದಿಂದ 8 ಮೀಟರ್ ಮುಂದೆ, ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣಿಗೆ ಬೆಳಕು ಕೋರೈಸಕೂಡದು. ಹೊಸದು ಹಳೆಯದೆಂಬ ಭೇದ ಆ ಅಳತೆಗಿಲ್ಲ.

ಆ ಕಣ್ಣು ಯಾರದು? ರಾತ್ರಿ ಒಂದಕ್ಕೆ ಹೋಟೆಲು ತೊಳೆದು ನಡೆದು ಬರುವ ನಮ್ಮ ಹುಡುಗರದು. ಹಿಂದೆ ಮೂರನೆಯ ಪಾಳಿ ಬಿಟ್ಟು ಬರುತ್ತಿದ್ದ ಗಿರಣಿಯವರದು. ಕಾರಿನಲ್ಲಿ ಕುಳಿತವನಿಗೆ ಗಾಜಾದರೂ ಉಂಟು, ಇವರಿಗೆ ಅದೂ ಇಲ್ಲ. ನಮ್ಮಲ್ಲೇ ಟ್ಯಾಕ್ಸಿ, ಟೆಂಪೊ ಓಡಿಸುವವರು ಎಷ್ಟು ಜನ ಇಲ್ಲ! ಅವರ ದೀಪವನ್ನು ನಾವೇ ನೋಡದೆ ಬೇರೆಯವರ ಮೇಲೆ ದೂರು ಹೇಳುವುದು ನಮಗೆ ಒಪ್ಪಿತವಲ್ಲ.

ಹಿಂದಿರುಗುವಾಗ ಅದೇ ರಸ್ತೆಯಲ್ಲಿ ಯಾವ ಲಾರಿಯೂ ನಮ್ಮತ್ತ ದೀಪ ಮಿಣುಕಿಸಲಿಲ್ಲ. ಹಾಲಿನವನನ್ನು ಹುಡುಕಿದೆವು, ಸಿಗಲಿಲ್ಲ.

ಸಂಘದ ಅಂಗಳದ ಹಿಂಗೋಡೆಯ ಮುಂದೆ 25 ಅಡಿಗಿಂತ ಹೆಚ್ಚು ಜಾಗವಿದೆ, ನೆಲವೂ ಸಮ. ತಿಂಗಳ ಮೊದಲ ಭಾನುವಾರ ಸಂಜೆ ಏಳರ ಮೇಲೆ ಆ ಗೋಡೆಯನ್ನು ಈ ಕೆಲಸಕ್ಕೆ ಬಿಡಬೇಕೆಂದು ಸಮಿತಿಯವರನ್ನು ಕೇಳಿಕೊಂಡಿದ್ದೇವೆ. ಸೀಮೆಸುಣ್ಣ, ಅಳತೆಪಟ್ಟಿ ನಮ್ಮಲ್ಲಿವೆ. ಸ್ಕ್ರೂಡ್ರೈವರ್ ನೀವೇ ತನ್ನಿ. ಹೊರೆ ಹೇರಿ ಓಡಿಸುವವರು ಹೊರೆಯೊಂದಿಗೇ ಬನ್ನಿ.